ಅಡ್ಡಗಾಳಿಯಲ್ಲಿ ಸಣ್ಣ ವಿಮಾನ ಇಳಿಯುವಾಗ ಆಗುವ ಅಪಘಾತಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನ ಹಾರಿಸಲು ಕಲಿಯುತ್ತಿರುವವರು, ಅವರ ಅಪ್ಪ-ಅಮ್ಮ, ಸುಮ್ನೆ ಕುತೂಹಲ ಇರುವವರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಸೆಸ್ನಾ 172 ವಿಮಾನವನ್ನು ತೆಗೆದುಕೊಂಡಿದ್ದೇನೆ. ನಾಲ್ಕು ಸೀಟು, ಒಂದು ಎಂಜಿನ್, ತಲೆಯ ಮೇಲೆ ರೆಕ್ಕೆ, ಮೂತಿಯ ಕೆಳಗೊಂದು ಚಕ್ರ. ಪ್ರಪಂಚದಲ್ಲಿ ಅತಿ ಹೆಚ್ಚು ತಯಾರಾದ ವಿಮಾನ ಇದೇ. ಭಾರತದಲ್ಲಿ ಕಲಿಯಲಿ, ಅಮೆರಿಕಕ್ಕೆ ಹೋಗಿ ಕಲಿಯಲಿ, ನಮ್ಮ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಮೊದಲು ಕೂರುವುದು ಇದರಲ್ಲೇ. ಇಲ್ಲಿ ಬರೆದದ್ದು ತಿಳಿವಳಿಕೆಗೆ. ಹಾರಿಸುವಾಗ ನಿಮ್ಮ ವಿಮಾನದ ಕೈಪಿಡಿ ಮತ್ತು ನಿಮ್ಮ ಇನ್‌ಸ್ಟ್ರಕ್ಟರ್ ಹೇಳಿದ್ದೇ ಅಂತಿಮ.

## ಮೊದಲ ಪ್ರಶ್ನೆಗಳು

ಅಡ್ಡಗಾಳಿ ಅಂದರೆ ಏನು? ಗಾಳಿ ಜೋರಾಗಿದ್ದರೆ ಎಲ್ಲಾ ಕಡೆಯಿಂದಲೂ ಅಪಾಯವೇ ಅಲ್ವಾ?

ಅಲ್ಲ. ಜೋರು ಗಾಳಿ ನೇರ ಮೂತಿಗೆ ಬೀಸಿದರೆ ಇಳಿಯಲು ಅನುಕೂಲ. ನೆಲದ ಮೇಲಿನ ವೇಗ ಕಡಿಮೆಯಾಗುತ್ತದೆ, ಸ್ವಲ್ಪ ಜಾಗದಲ್ಲೇ ವಿಮಾನ ನಿಲ್ಲುತ್ತದೆ. ಅದೇ ಗಾಳಿ ಪಕ್ಕದಿಂದ ಬೀಸಿದರೆ ವಿಮಾನವನ್ನು ರನ್‌ವೇಯಿಂದ ಆಚೆಗೆ ತಳ್ಳುತ್ತದೆ.

ಬಹಳ ಸಲ ಗಾಳಿ ಓರೆಯಾಗಿ ಬರುತ್ತದೆ. ಆಗ ಅದರ ಒಂದು ಪಾಲು ಎದುರಿಗೆ, ಒಂದು ಪಾಲು ಅಡ್ಡಕ್ಕೆ. 30 ಡಿಗ್ರಿ ಓರೆ ಇದ್ದರೆ ಗಾಳಿಯ ಅರ್ಧ ವೇಗ ಅಡ್ಡಕ್ಕೆ. 45 ಡಿಗ್ರಿಗೆ ಸುಮಾರು ಮುಕ್ಕಾಲು. 60 ದಾಟಿದರೆ ಪೂರ್ತಿ ಅಡ್ಡಗಾಳಿ ಅಂತಲೇ ಹಿಡಿಯುವುದು ಒಳ್ಳೆಯದು. ರನ್‌ವೇ 27 ಅಂದರೆ 270 ಡಿಗ್ರಿ, ಅಂದರೆ ಪಶ್ಚಿಮಕ್ಕೆ ಮುಖ. ಗಾಳಿ 240 ಡಿಗ್ರಿಯಿಂದ 20 ನಾಟ್ (1 ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್ ವೇಗ) ಬೀಸುತ್ತಿದ್ದರೆ ಅಡ್ಡಗಾಳಿ 10 ನಾಟ್. ಕೇಳಲು ಸಣ್ಣ ಸಂಖ್ಯೆ. ಆದರೆ ಅದು ಸೆಕೆಂಡಿಗೆ 5 ಮೀಟರ್. ರನ್‌ವೇ 30 ಮೀಟರ್ ಅಗಲ ಇದ್ದರೆ, ಏನೂ ಮಾಡದೆ ತೇಲಲು ಬಿಟ್ಟ ವಿಮಾನ 3 ಸೆಕೆಂಡಿನಲ್ಲಿ ನಡುಗೆರೆಯಿಂದ ಅಂಚಿಗೆ ಹೋಗಿರುತ್ತದೆ.

ಹಾಗಾದರೆ ಗಾಳಿ ಎದುರಿಗೇ ಬರುವ ಹಾಗೆ ರನ್‌ವೇ ಕಟ್ಟಬಹುದಲ್ವಾ?

ಹಾಗೇ ಕಟ್ಟುತ್ತಾರೆ, ಆದಷ್ಟು. ಮೊದಮೊದಲು ವಿಮಾನ ನಿಲ್ದಾಣ ಅಂದರೆ ದೊಡ್ಡ ಹುಲ್ಲು ಮೈದಾನ. ಗಾಳಿ ಯಾವ ಕಡೆಯಿಂದ ಬಂದರೂ ಅದಕ್ಕೆ ಮುಖಮಾಡಿ ಇಳಿಯುತ್ತಿದ್ದರು. ಡಾಂಬರಿನ ರನ್‌ವೇ ಬಂದ ಮೇಲೆ ಆ ಸ್ವಾತಂತ್ರ್ಯ ಹೋಯಿತು. ಈಗ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾರ್ಗಸೂಚಿ ಏನು ಹೇಳುತ್ತದೆ ಅಂದರೆ, ನಿಲ್ದಾಣದ ರನ್‌ವೇಗಳು ಕನಿಷ್ಠ ಶೇಕಡ 95ರಷ್ಟು ಸಮಯ ಬಳಸಲು ಬರುವ ದಿಕ್ಕಿನಲ್ಲಿರಬೇಕು. ಸಣ್ಣ ವಿಮಾನಗಳ ಮಟ್ಟಿಗೆ ಆ ಲೆಕ್ಕ ಹಾಕುವುದು 10 ನಾಟ್ ಅಡ್ಡಗಾಳಿ ಇಟ್ಟುಕೊಂಡು.

ನಮ್ಮ ಬೆಂಗಳೂರನ್ನೇ ನೋಡಿ. ಜಕ್ಕೂರು, ಎಚ್‌ಎಎಲ್, ಕೆಂಪೇಗೌಡ ನಿಲ್ದಾಣ, ಮೂರರ ರನ್‌ವೇಗಳೂ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ಆಷಾಢದ ಗಾಳಿ ಬೀಸುವುದು ಪಶ್ಚಿಮದಿಂದ. ಚಳಿಗಾಲದಲ್ಲಿ ಪೂರ್ವದ ಕಡೆಯಿಂದ. ಮಕ್ಕಳು ಗಾಳಿಪಟ ಹಾರಿಸುವ ಆ ಜೋರು ಗಾಳಿ ಇಲ್ಲಿ ಬಹುಪಾಲು ರನ್‌ವೇಯ ಉದ್ದಕ್ಕೇ ಬರುತ್ತದೆ. ಆದರೆ ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಮಳೆಗೆ ಮುಂಚೆ ನುಗ್ಗುವ ಗಾಳಿಗೆ ಯಾವ ದಿಕ್ಕಿನ ಹಂಗೂ ಇಲ್ಲ. ಉಳಿದ ಶೇಕಡ 5 ಅಂದರೆ ಇಂಥ ಹೊತ್ತು.

ನನ್ನ ಮಗಳು ಪೈಲಟ್ ತರಬೇತಿಗೆ ಸೇರಿದ್ದಾಳೆ. ಇಂಥ ಅಪಘಾತದಲ್ಲಿ ಜೀವಕ್ಕೆ ಅಪಾಯ ಎಷ್ಟು?

ನಿಮ್ಮ ಆತಂಕ ಸಹಜ. ಸಣ್ಣ ವಿಮಾನಗಳ ಅಪಘಾತಗಳಲ್ಲಿ ಇಳಿಯುವಾಗ ಆಗುವಂಥವೇ ಅತಿ ಹೆಚ್ಚು. ಆದರೆ ಅವುಗಳಲ್ಲಿ ಸಾವು ಬಹಳ ಕಡಿಮೆ. ಆ ಹೊತ್ತಿಗೆ ವೇಗ ಕಡಿಮೆ ಇರುತ್ತದೆ, ವಿಮಾನ ನೆಲದ ಮೇಲೆ ಅಥವಾ ನೆಲಕ್ಕೆ ತೀರಾ ಹತ್ತಿರ ಇರುತ್ತದೆ. ರೆಕ್ಕೆ ಸೊಟ್ಟಗಾಗುತ್ತದೆ, ಮೂತಿ ಚಕ್ರ ಮುರಿಯುತ್ತದೆ, ಒಳಗಿದ್ದವರು ನಡೆದುಕೊಂಡು ಹೊರಗೆ ಬರುತ್ತಾರೆ. ಹೆಚ್ಚಿನ ಸಲ ಕಥೆ ಅಷ್ಟೇ.

ಜೀವಕ್ಕೆ ಕುತ್ತು ತರುವುದು ಬೇರೆ. ನೆಲದ ಹತ್ತಿರ ಗಾಬರಿಯಾಗಿ, ವೇಗ ಸಾಲದಿದ್ದರೂ ಮೂತಿಯನ್ನು ತಟಕ್ಕನೆ ಎತ್ತಿ, ರೆಕ್ಕೆ ಹಿಡಿತ ಕಳೆದುಕೊಂಡು ಬೀಳುವುದು. ಹಾಗಾಗಿ ಮಗಳನ್ನು ಎರಡು ವಿಷಯ ಕೇಳಿ. ಭುಜದ ಬೆಲ್ಟ್ ಪ್ರತಿ ಸಲ ಬಿಗಿಯಾಗಿ ಹಾಕಿಕೊಳ್ಳುತ್ತಾಳಾ? ಇಳಿಯುವ ಪ್ರಯತ್ನ ಕೈಬಿಟ್ಟು ಮತ್ತೆ ಮೇಲೇರುವುದನ್ನು ಶಾಲೆಯಲ್ಲಿ ಚೆನ್ನಾಗಿ ಅಭ್ಯಾಸ ಮಾಡಿಸುತ್ತಾರಾ? ಎರಡಕ್ಕೂ ಹೌದು ಅಂದರೆ ಸ್ವಲ್ಪ ನಿರಾಳವಾಗಿರಿ.

ವಿಮಾನ ಸೊಟ್ಟಗೆ ಬರುತ್ತಿರುವುದನ್ನು ನೋಡಿದೆ. ಮೂತಿ ಒಂದು ಕಡೆ, ಹೋಗುವುದು ಇನ್ನೊಂದು ಕಡೆ. ಪೈಲಟ್ ಹಿಡಿತ ತಪ್ಪಿದ್ದಾ?

ಇಲ್ಲ, ಸರಿಯಾಗಿಯೇ ಮಾಡುತ್ತಿದ್ದಾರೆ. ತುಂಬಿದ ಹೊಳೆ ದಾಟುವ ಅಂಬಿಗ ಎದುರು ದಡಕ್ಕೆ ನೇರ ಹುಟ್ಟು ಹಾಕುವುದಿಲ್ಲ. ದೋಣಿಯನ್ನು ಹರಿವಿಗೆ ಎದುರಾಗಿ ಸ್ವಲ್ಪ ತಿರುಗಿಸುತ್ತಾನೆ, ಆಗ ದೋಣಿ ನೇರ ದಾಟುತ್ತದೆ. ವಿಮಾನವೂ ಹಾಗೇ ಮೂತಿಯನ್ನು ಗಾಳಿಯ ಕಡೆ ತಿರುಗಿಸಿಕೊಂಡು ರನ್‌ವೇಯ ಗೆರೆ ಹಿಡಿಯುತ್ತದೆ. ಇದಕ್ಕೆ ಪೈಲಟ್‌ಗಳು ಕ್ರ್ಯಾಬ್ ಅನ್ನುತ್ತಾರೆ.

ಸಣ್ಣ ವಿಮಾನದಲ್ಲಿ ಈ ಓರೆ ಜಾಸ್ತಿ ಕಾಣುತ್ತದೆ. 65 ನಾಟ್ ವೇಗದ ಸೆಸ್ನಾಗೆ 10 ನಾಟ್ ಅಡ್ಡಗಾಳಿ ಬಂದರೆ ಮೂತಿ ಸುಮಾರು 9 ಡಿಗ್ರಿ ತಿರುಗಬೇಕು. 140 ನಾಟ್‌ನಲ್ಲಿ ಬರುವ ದೊಡ್ಡ ಜೆಟ್‌ಗೆ ಅದೇ ಗಾಳಿಗೆ 4 ಡಿಗ್ರಿ ಸಾಕು.

## ಅಪಘಾತ ಆಗುವ ಬಗೆ

ಚಕ್ರ ನೆಲಕ್ಕೆ ತಾಗಿತ್ತು, ಲ್ಯಾಂಡಿಂಗ್ ಮುಗಿದಿತ್ತು. ಆಮೇಲೆ ವಿಮಾನ ರನ್‌ವೇ ಬಿಟ್ಟು ಹೇಗೆ ಹೋಯಿತು?

ಇಡೀ ಪಟ್ಟಿಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಪ್ರಶ್ನೆ ಇದು. ಚಕ್ರ ತಾಗಿದಾಗ ಲ್ಯಾಂಡಿಂಗ್ ಮುಗಿದಿರುವುದಿಲ್ಲ. ಅಡ್ಡಗಾಳಿಯ ಅಪಘಾತಗಳಲ್ಲಿ ಬಹಳಷ್ಟು ಆಗುವುದು ಆಮೇಲೇ.

ವಿಮಾನದ ಬಾಲದಲ್ಲಿ ನೆಟ್ಟಗೆ ನಿಂತ ದೊಡ್ಡ ಹಲಗೆ ಇದೆ. ಪಕ್ಕದ ಗಾಳಿ ಅದನ್ನು ತಳ್ಳುತ್ತದೆ. ಬಾಲ ಗಾಳಿ ಹೋದ ಕಡೆಗೆ ಹೋಗುತ್ತದೆ, ಮೂತಿ ಗಾಳಿ ಬಂದ ಕಡೆಗೆ ತಿರುಗುತ್ತದೆ. ಜೊತೆಗೆ ಗಾಳಿ ಬರುವ ಕಡೆಯ ರೆಕ್ಕೆ ಮೇಲೇಳಲು ನೋಡುತ್ತದೆ. ಮೂತಿಯನ್ನು ನೇರ ಇಡುವುದು ಕಾಲಿನ ಪೆಡಲ್‌ನಿಂದ ತಿರುಗಿಸುವ ಬಾಲದ ರಡ್ಡರ್, ರೆಕ್ಕೆಯನ್ನು ಅದುಮುವುದು ಕೈಯಿಂದ ಆಡಿಸುವ, ರೆಕ್ಕೆಯ ಹಿಂಬದಿಯ ಏಲೆರಾನ್.

ತೊಂದರೆ ಶುರುವಾಗುವುದು ವೇಗ ಇಳಿಯುವಾಗ. ವೇಗ ಅರ್ಧವಾದರೆ ರಡ್ಡರ್, ಏಲೆರಾನ್‌ಗಳ ಬಲ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಪಕ್ಕದ ಗಾಳಿ ಮಾತ್ರ ಮೊದಲಿನಷ್ಟೇ ಬೀಸುತ್ತಿರುತ್ತದೆ. ಇನ್ನೊಂದು ಕಡೆ, ರೆಕ್ಕೆ ಇನ್ನೂ ಸ್ವಲ್ಪ ಭಾರ ಹೊತ್ತಿರುವುದರಿಂದ ಚಕ್ರಗಳ ಮೇಲೆ ಪೂರ್ತಿ ತೂಕ ಬಿದ್ದಿರುವುದಿಲ್ಲ. ಗಾಳಿಯಲ್ಲಿನ ಹಿಡಿತ ಹೋಗುತ್ತಿದೆ, ನೆಲದ ಹಿಡಿತ ಇನ್ನೂ ಬಂದಿಲ್ಲ. ಈ ಕೆಲವು ಸೆಕೆಂಡುಗಳೇ ಅಪಾಯದ ಹೊತ್ತು.

ಕಲಿಯುವವರು ಸರಿಯಾಗಿ ಇದೇ ಹೊತ್ತಿಗೆ ಉಸಿರು ಬಿಟ್ಟು, ಯೋಕ್ ಅನ್ನು, ಅಂದರೆ ಕೈಯಲ್ಲಿ ಹಿಡಿಯುವ ಸ್ಟೀರಿಂಗ್ ಅನ್ನು, ಸಡಿಲ ಬಿಡುತ್ತಾರೆ. ಏಲೆರಾನ್ ನಡುವಿಗೆ ಬರುತ್ತದೆ, ರೆಕ್ಕೆ ಏಳುತ್ತದೆ, ಒಂದು ಚಕ್ರ ಹಗುರಾಗುತ್ತದೆ, ಮೂತಿ ಗಾಳಿಯ ಕಡೆ ಎಳೆಯುತ್ತದೆ. ಗಾಬರಿಯಲ್ಲಿ ಬ್ರೇಕ್ ಜೋರಾಗಿ ಒತ್ತಿದರೆ ಹಗುರಾದ ಚಕ್ರ ಉಜ್ಜಿಕೊಂಡು ಹೋಗುತ್ತದೆ. ರನ್‌ವೇ ಪಕ್ಕದ ಮೆತ್ತನೆ ಮಣ್ಣಿಗೆ ಮೂತಿ ಚಕ್ರ ಇಳಿದರೆ ಅದು ಹೂತುಕೊಂಡು, ಬಾಲ ಎದ್ದು, ವಿಮಾನ ಬೆನ್ನ ಮೇಲೆ ಮಗುಚುವುದೂ ಉಂಟು.

ಆದ್ದರಿಂದ ವೇಗ ಇಳಿದ ಹಾಗೆಲ್ಲ ಏಲೆರಾನ್ ಅನ್ನು ಗಾಳಿಯ ಕಡೆಗೆ ಇನ್ನಷ್ಟು ತಿರುಗಿಸುತ್ತಾ ಹೋಗಬೇಕು. ವಿಮಾನ ನಡಿಗೆಯ ವೇಗಕ್ಕೆ ಬರುವ ಹೊತ್ತಿಗೆ ಅದು ಪೂರ್ತಿ ತಿರುಗಿರಬೇಕು. ಟ್ಯಾಕ್ಸಿ ಮಾಡುವಾಗಲೂ, ಅಂದರೆ ನೆಲದ ಮೇಲೆ ನಿಧಾನವಾಗಿ ಓಡಿಸುವಾಗಲೂ, ಗಾಳಿಗೆ ತಕ್ಕ ಹಾಗೆ ಕೈ ಕೆಲಸ ಮಾಡುತ್ತಿರಬೇಕು, ವಿಮಾನ ನಿಲ್ಲಿಸಿ ಹಗ್ಗ ಕಟ್ಟುವವರೆಗೂ.

ಎರಡು ಸಲ ಪುಟಿದು ಮೂತಿ ಚಕ್ರ ಮುರಿಯಿತು ಅಂತಾರೆ. ಪುಟಿಯುವುದಕ್ಕೂ ಅಡ್ಡಗಾಳಿಗೂ ಏನು ಸಂಬಂಧ?

ಬಿಟ್ಟು ಬಿಟ್ಟು ಬೀಸುವ ಗಾಳಿಗೆ ಹೆದರಿ ಪೈಲಟ್ ವೇಗ ಜಾಸ್ತಿ ಇಟ್ಟುಕೊಂಡು ಬರುತ್ತಾರೆ. ವಿಮಾನ ರನ್‌ವೇ ಮೇಲೆ ತೇಲುತ್ತದೆ, ಇಳಿಯುವುದೇ ಇಲ್ಲ. ತಾಳ್ಮೆ ಕೆಟ್ಟು ಮೂತಿ ತಗ್ಗಿಸಿ ಒತ್ತುತ್ತಾರೆ. ಮೂತಿ ಚಕ್ರ ಮೊದಲು ತಾಗಿ ವಿಮಾನ ಪುಟಿಯುತ್ತದೆ. ಮೇಲೆ ಹೋದಾಗ ಗಾಳಿ ಪಕ್ಕಕ್ಕೆ ಒಯ್ಯುತ್ತದೆ. ಮತ್ತೆ ಮೂತಿ ತಗ್ಗಿಸುತ್ತಾರೆ. ಎರಡನೇ ಪೆಟ್ಟು ಮೊದಲಿಗಿಂತ ಜೋರು, ಅದೂ ಓರೆಯಾಗಿ. ಮೂತಿ ಚಕ್ರದ ಕಂಬ ಇಂಥ ಪೆಟ್ಟಿಗೆ ಮಾಡಿದ್ದಲ್ಲ. ಮೊದಲ ಸಲ ಜೋರಾಗಿ ಪುಟಿದ ಕೂಡಲೇ ಮೇಲೇರಿಬಿಟ್ಟರೆ ಇದು ಅಲ್ಲಿಗೇ ನಿಲ್ಲುತ್ತದೆ.

ಟವರ್‌ನವರು ಗಾಳಿ 8 ನಾಟ್ ಅಂದಿದ್ದರು. ಆದರೂ ಪಕ್ಕಕ್ಕೆ ಎಸೆದ ಹಾಗಾಯಿತು. ಅವರು ತಪ್ಪು ಹೇಳಿದ್ರಾ?

ತಪ್ಪಲ್ಲ, ಅದು ಸರಾಸರಿ. ಟವರ್ ಹೇಳುವುದು ಸಾಮಾನ್ಯವಾಗಿ ಹಿಂದಿನ 2 ನಿಮಿಷದ ಸರಾಸರಿ. ನಮ್ಮಲ್ಲಿ ಹವಾಮಾನ ವರದಿಯ ಸಂಖ್ಯೆ 10 ನಿಮಿಷದ ಸರಾಸರಿ. ರಭಸದ ಬೀಸು ಸರಾಸರಿಗಿಂತ 10 ನಾಟ್ ಮೀರಿದರೆ ಮಾತ್ರ ಆ ವರದಿಯಲ್ಲಿ ಬೇರೆಯಾಗಿ ಬರುತ್ತದೆ. 8 ಅಂದಾಗ ನಡುವೆ 15ರ ಬೀಸು ಬಂದಿರಬಹುದು, ವರದಿಯಲ್ಲಿ ಅದರ ಸುಳಿವೂ ಇರುವುದಿಲ್ಲ.

ಗಾಳಿ ಅಳೆಯುವ ಯಂತ್ರ ಇರುವುದು ಒಂದು ಕಡೆ, ನೀವು ಇಳಿಯುವುದು ಇನ್ನೊಂದು ಕಡೆ ಅನ್ನುವುದೂ ಇದೆ. ರನ್‌ವೇ ಪಕ್ಕದಲ್ಲಿ ಹ್ಯಾಂಗರ್ (ವಿಮಾನ ನಿಲ್ಲಿಸುವ ದೊಡ್ಡ ಶೆಡ್) ಅಥವಾ ಮರಗಳ ಸಾಲು ಇದ್ದರೆ ಅದರ ಮರೆಯಲ್ಲಿ ಗಾಳಿ ಸುಳಿಯಾಗಿ ತಿರುಗುತ್ತದೆ. ಮರೆ ಮುಗಿದ ಕೂಡಲೇ ಪೂರ್ತಿ ಗಾಳಿ ಒಮ್ಮೆಗೇ ಬಡಿಯುತ್ತದೆ. ಕೊನೆಯ ಕ್ಷಣದಲ್ಲಿ ವಿಂಡ್‌ಸಾಕ್, ಅಂದರೆ ಕಂಬಕ್ಕೆ ಕಟ್ಟಿದ ಗಾಳಿ ತೋರಿಸುವ ಬಟ್ಟೆಯ ಚೀಲ, ನೋಡಿ. ಅಮೆರಿಕದ ಮಾನದಂಡದ ವಿಂಡ್‌ಸಾಕ್ 15 ನಾಟ್‌ಗೆ ಪೂರ್ತಿ ನೆಟ್ಟಗಾಗುತ್ತದೆ. ಅದು ಕುಣಿಯುತ್ತಿದ್ದರೆ ಗಾಳಿಯೂ ಕುಣಿಯುತ್ತಿದೆ ಅಂತಲೇ ಅರ್ಥ.

ಬಾಲದಲ್ಲಿ ಚಕ್ರ ಇರುವ ಹಳೇ ವಿಮಾನ ಯಾಕೆ ಗಿರ್ರನೆ ತಿರುಗಿಬಿಡುತ್ತದೆ?

ಅದರ ತೂಕದ ಕೇಂದ್ರ ಮುಖ್ಯ ಚಕ್ರಗಳ ಹಿಂದೆ ಇದೆ. ಸ್ವಲ್ಪ ಓರೆಯಾದರೆ ಹಿಂದಿನ ತೂಕ ಮುಂದೆ ಬರಲು ನುಗ್ಗಿ ಓರೆಯನ್ನು ಹೆಚ್ಚಿಸುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ಹೊರಗಿನ ರೆಕ್ಕೆ ನೆಲಕ್ಕೆ ಬಡಿಯುತ್ತದೆ, ಕೆಲವೊಮ್ಮೆ ಚಕ್ರದ ಕಾಲು ಮುರಿಯುತ್ತದೆ. ಸೆಸ್ನಾ 172ರಂಥ ಮೂತಿ ಚಕ್ರದ ವಿಮಾನದಲ್ಲಿ ತೂಕದ ಕೇಂದ್ರ ಮುಖ್ಯ ಚಕ್ರಗಳ ಮುಂದೆ ಇರುತ್ತದೆ. ಅದು ತಾನಾಗಿಯೇ ನೇರವಾಗಲು ನೋಡುತ್ತದೆ.

ಆದರೆ ಮೂತಿ ಚಕ್ರದವರೂ ಮೈಮರೆಯುವ ಹಾಗಿಲ್ಲ. ವೇಗ ಇರುವಾಗಲೇ ಯೋಕ್ ಮುಂದೆ ತಳ್ಳಿದರೆ ತೂಕವೆಲ್ಲ ಮೂತಿ ಚಕ್ರದ ಮೇಲೆ ಬಿದ್ದು, ಹಿಂದಿನ ಚಕ್ರಗಳು ಹಗುರಾಗಿ, ಇಡೀ ವಿಮಾನ ಮೂತಿ ಚಕ್ರದ ಸುತ್ತ ತಿರುಗುತ್ತದೆ.

## ಕಲಿಯುವವರ ಪ್ರಶ್ನೆಗಳು

ಕೊನೆವರೆಗೂ ಕ್ರ್ಯಾಬ್ ಇಟ್ಟುಕೊಳ್ಳಲಾ, ರೆಕ್ಕೆ ತಗ್ಗಿಸಿ ಬರಲಾ? ಒಬ್ಬೊಬ್ಬ ಇನ್‌ಸ್ಟ್ರಕ್ಟರ್ ಒಂದೊಂದು ಹೇಳ್ತಾರೆ.

ಎರಡೂ ಸರಿ. ಎರಡನ್ನೂ ಸೇರಿಸುವುದು ಹೆಚ್ಚು ಜನರ ಪದ್ಧತಿ. ದೂರದಿಂದ ಕ್ರ್ಯಾಬ್‌ನಲ್ಲಿ ಬನ್ನಿ, ಅದು ಆರಾಮ. ನೆಲ ಹತ್ತಿರ ಬಂದಾಗ ರಡ್ಡರ್‌ನಿಂದ ಮೂತಿಯನ್ನು ರನ್‌ವೇಗೆ ನೇರ ಮಾಡಿ, ಗಾಳಿ ಬರುವ ಕಡೆಯ ರೆಕ್ಕೆಯನ್ನು ತಗ್ಗಿಸಿ. ರಡ್ಡರ್ ಮೂತಿಯನ್ನು ನೋಡಿಕೊಳ್ಳುತ್ತದೆ, ತಗ್ಗಿದ ರೆಕ್ಕೆ ತೇಲಿಹೋಗುವುದನ್ನು ತಡೆಯುತ್ತದೆ. ಗಾಳಿ ಕಡೆಯ ಚಕ್ರ ಮೊದಲು ತಾಗುತ್ತದೆ, ಆಮೇಲೆ ಇನ್ನೊಂದು, ಕೊನೆಗೆ ಮೂತಿ ಚಕ್ರ. ಒಂದೇ ಚಕ್ರದಲ್ಲಿ ಇಳಿಯುವುದು ಮೊದಲು ವಿಚಿತ್ರ ಅನ್ನಿಸುತ್ತದೆ. ಸರಿಯಾದದ್ದು ಅದೇ.

ಹೊಸಬರಿಗೆ ನನ್ನ ಸಲಹೆ: ರೆಕ್ಕೆ ತಗ್ಗಿಸುವುದನ್ನು ಸ್ವಲ್ಪ ಬೇಗ, 200-300 ಅಡಿ ಇರುವಾಗಲೇ ಶುರು ಮಾಡಿ. ಇದರಲ್ಲಿ ಒಂದು ಲಾಭ ಇದೆ. ರಡ್ಡರ್ ಪೂರ್ತಿ ಒತ್ತಿದರೂ ಮೂತಿ ನೇರವಾಗುತ್ತಿಲ್ಲ ಅಂದರೆ ಆ ಗಾಳಿ ನಿಮ್ಮ ವಿಮಾನದ ಕೈಮೀರಿದೆ. ಗಾಳಿ ನೆಲದ ಹತ್ತಿರ ಸ್ವಲ್ಪ ತಗ್ಗುವುದುಂಟು. ಆದರೆ ಅದನ್ನೇ ನಂಬಿ ಕಾಯುತ್ತಾ ಕೆಳಗಿಳಿಯಬೇಡಿ.

ಕೈಪಿಡಿಯಲ್ಲಿ ಅಡ್ಡಗಾಳಿ 15 ನಾಟ್ ಅಂತಿದೆ. 16 ಆದರೆ ಇಳಿಯುವ ಹಾಗಿಲ್ವಾ?

ಸೆಸ್ನಾ 172ರ ಆ 15 ನಾಟ್ ಪರೀಕ್ಷೆಯಲ್ಲಿ ತೋರಿಸಿದ ಸಂಖ್ಯೆ, ಕಾನೂನಿನ ಮಿತಿ ಅಲ್ಲ. ಸೆಸ್ನಾ 152ಕ್ಕೆ ಅದು 12. ಅಮೆರಿಕದಲ್ಲಿ ಬಹುಕಾಲ ಇದ್ದ ನಿಯಮ ಕೇಳುತ್ತಿದ್ದದ್ದು ಇಷ್ಟೇ: ಇಳಿಯುವ ಸ್ಥಿತಿಯಲ್ಲಿ ರೆಕ್ಕೆ ಹಿಡಿತ ಬಿಡುವ ವೇಗದ ಶೇಕಡ 20ರಷ್ಟು ಅಡ್ಡಗಾಳಿಯಲ್ಲಿ ವಿಮಾನ ಹತೋಟಿಯಲ್ಲಿರಬೇಕು. ಕಂಪನಿ ಅದಕ್ಕಿಂತ ಜಾಸ್ತಿ ತೋರಿಸಿತು.

ಇದನ್ನು ಕೇಳಿ ಕೆಲವರು "ಹಾಗಾದರೆ 20ರಲ್ಲೂ ಇಳಿಯಬಹುದು" ಅನ್ನುತ್ತಾರೆ. ಈ ಮಾತು ನನಗೆ ನಿಜಕ್ಕೂ ಭಯ ತರಿಸುತ್ತದೆ. ಆ 15ನ್ನು ತೋರಿಸಿದ್ದು ಅನುಭವಿ ಪೈಲಟ್, ಹೊಸ ವಿಮಾನದಲ್ಲಿ. ನಿಮ್ಮ ಮಿತಿ ಅದಕ್ಕಿಂತ ಎಷ್ಟೋ ಕಡಿಮೆ ಇರಬಹುದು, ಇರಲಿ. ಇನ್‌ಸ್ಟ್ರಕ್ಟರ್ ಜೊತೆ ಕೂತು ನಿಮ್ಮದೇ ಸಂಖ್ಯೆ ಬರೆದಿಡಿ. ನೆಲದ ಮೇಲೆ, ಸಮಾಧಾನದಲ್ಲಿ ಬರೆದ ಸಂಖ್ಯೆ ಅದು. ಮೇಲೆ ಹೋದ ಮೇಲೆ ಅದನ್ನು ಬದಲಿಸಬೇಡಿ.

ಫ್ಲಾಪ್ ಎಷ್ಟು ಹಾಕಲಿ? ವೇಗ ಎಷ್ಟು ಸೇರಿಸಲಿ?

ರನ್‌ವೇ ಉದ್ದ ಸಾಕಷ್ಟಿದ್ದರೆ ಫ್ಲಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯಿಂದ ಕೆಳಗಿಳಿಸುವ ಪಟ್ಟಿ) ಕಡಿಮೆ. ಸೆಸ್ನಾ ಕೈಪಿಡಿಯೂ ಜೋರು ಅಡ್ಡಗಾಳಿಯಲ್ಲಿ ರನ್‌ವೇ ಉದ್ದಕ್ಕೆ ಬೇಕಾದಷ್ಟು ಕನಿಷ್ಠ ಫ್ಲಾಪ್ ಅನ್ನುತ್ತದೆ. ವೇಗಕ್ಕೆ, ರಭಸದ ಗಾಳಿ ಮತ್ತು ಸರಾಸರಿಯ ವ್ಯತ್ಯಾಸದ ಅರ್ಧ ಸೇರಿಸುವುದು ರೂಢಿ. 15ರ ಗಾಳಿ 25ಕ್ಕೆ ಏರುತ್ತಿದ್ದರೆ 5 ನಾಟ್. ಅದಕ್ಕಿಂತ ಬೇಡ. 60ರ ಬದಲು 70ರಲ್ಲಿ ಬಂದರೆ ಕಳೆಯಬೇಕಾದ ಶಕ್ತಿ ಶೇಕಡ 36 ಜಾಸ್ತಿ.

ಗೋ-ಅರೌಂಡ್, ಅಂದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವುದು, ಯಾವಾಗ ಮಾಡಬೇಕು? ಚಕ್ರ ತಾಗಿದ ಮೇಲೂ ಮಾಡಬಹುದಾ?

ನಡುಗೆರೆ ತಪ್ಪಿ ಹೋಗುತ್ತಿದ್ದರೆ, ಮೂತಿ ನೇರವಾಗದಿದ್ದರೆ, ರನ್‌ವೇಯ ಮೊದಲ ಮೂರನೇ ಒಂದು ಭಾಗದಲ್ಲಿ ಇಳಿಯಲಾಗದಿದ್ದರೆ, ಪುಟಿದರೆ. ಆಗೆಲ್ಲ ಥ್ರಾಟಲ್ (ಎಂಜಿನ್‌ಗೆ ಶಕ್ತಿ ಕೊಡುವ ಹಿಡಿ) ಪೂರ್ತಿ, ಮೂತಿಯನ್ನು ಹದವಾಗಿ ಎತ್ತಿ, ಫ್ಲಾಪ್ ಒಂದೊಂದೇ ಹಂತ ಒಳಗೆ. ಪೂರ್ತಿ ಫ್ಲಾಪ್‌ನಲ್ಲಿದ್ದ 172ಕ್ಕೆ ಒಮ್ಮೆಗೇ ಶಕ್ತಿ ಕೊಟ್ಟಾಗ ಮೂತಿ ತಾನೇ ಮೇಲೆ ಹೋಗಲು ಎಳೆಯುತ್ತದೆ. ಯೋಕ್ ಮುಂದೆ ಒತ್ತಿ ಹಿಡಿಯಬೇಕು, ಬಲಗಾಲಿನ ರಡ್ಡರ್ ಬೇಕು. ಇದನ್ನು ಮೊದಲ ಸಲ ಗಾಬರಿಯಲ್ಲಿ ಕಲಿಯಬಾರದು.

ಚಕ್ರ ತಾಗಿದ ಮೇಲೂ ಮಾಡಬಹುದು. 2008ರ ಮಾರ್ಚ್ 1ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಜೋರು ಅಡ್ಡಗಾಳಿಗೆ ಒಂದು ಏರ್‌ಬಸ್ 320ರ ಎಡ ರೆಕ್ಕೆಯ ತುದಿ ರನ್‌ವೇಗೆ ಉಜ್ಜಿತು. ಪೈಲಟ್‌ಗಳು ಮೇಲೇರಿ, ಬೇರೆ ರನ್‌ವೇಯಲ್ಲಿ ಸುರಕ್ಷಿತವಾಗಿ ಇಳಿದರು. ಆದರೆ ಒಂದು ಗೆರೆ ಇದೆ. ವಿಮಾನ ಆಗಲೇ ನಿಧಾನವಾಗಿ, ಓರೆಯಾಗಿ ರನ್‌ವೇ ಬಿಟ್ಟು ಹೊರಟಿದ್ದರೆ, ಮುಂದೆ ಮರವೋ ಹ್ಯಾಂಗರೋ ಇದ್ದರೆ, ಆಗ ಥ್ರಾಟಲ್ ಕೊಡುವುದು ಸಣ್ಣ ಅಪಘಾತವನ್ನು ದೊಡ್ಡದು ಮಾಡುತ್ತದೆ. ಹುಲ್ಲಿಗೆ ಹೋಗಲಿ ಬಿಡಿ. ನಿರ್ಧಾರ ಬೇಗ ಆಗಬೇಕು ಅನ್ನುವುದು ಇದಕ್ಕೇ.

ಸೆಸ್ನಾದಿಂದ ಪೈಪರ್‌ಗೆ ಬದಲಾದೆ. ಮೂತಿ ಚಕ್ರ ತಾಗಿದ ಕೂಡಲೇ ಪಕ್ಕಕ್ಕೆ ಎಳೆಯುತ್ತದೆ. ಯಾಕೆ?

ಸೆಸ್ನಾ 172ರಲ್ಲಿ ಹಾರುವಾಗ ಮೂತಿ ಚಕ್ರ ನಡುವಿನಲ್ಲೇ ಕೂತಿರುತ್ತದೆ, ಪೆಡಲ್‌ಗೆ ಸ್ಪ್ರಿಂಗ್ ಮೂಲಕ ಸಂಪರ್ಕ. ಇನ್ನೊಂದು ಕಂಪನಿಯ ಸಣ್ಣ ವಿಮಾನವಾದ ಪೈಪರ್ ಪಿಎ-28ರಲ್ಲಿ ಪೆಡಲ್‌ಗೂ ಚಕ್ರಕ್ಕೂ ನೇರ ಕೊಂಡಿ. ರಡ್ಡರ್ ಒತ್ತಿಕೊಂಡೇ ಇದ್ದರೆ ಚಕ್ರವೂ ತಿರುಗಿಯೇ ನೆಲಕ್ಕೆ ತಾಗುತ್ತದೆ. ಅದು ತಾಗುವ ಕ್ಷಣಕ್ಕೆ ಪೆಡಲ್ ಅನ್ನು ನಡುವಿಗೆ ತನ್ನಿ.

ಗಾಳಿ ನನ್ನ ಮಿತಿ ಮೀರಿದೆ, ಆದರೆ ನಾನು ಆಗಲೇ ಮೇಲಿದ್ದೇನೆ. ಈಗ?

ಇಂಧನ ಇದ್ದರೆ ದಾರಿಗಳಿವೆ. ಬೇರೆ ದಿಕ್ಕಿನ ರನ್‌ವೇ ಇರುವ ಹತ್ತಿರದ ನಿಲ್ದಾಣ ಕೇಳಿ. ಗುಡುಗು ಮಳೆಯ ಗಾಳಿಯಾದರೆ ದೂರ ಹೋಗಿ ಕಾಯಿರಿ. ಟವರ್‌ಗೆ ನಾನು ಸ್ಟೂಡೆಂಟ್ ಅಂತ ಹೇಳಿ, ಸಂಕೋಚ ಬೇಡ. ಗಾಳಿ ಹೆಚ್ಚುವ ದಿನಗಳಲ್ಲಿ ಒಂದು ಗಂಟೆಯ ಹೆಚ್ಚುವರಿ ಇಂಧನ ಹಾಕಿಸಿಕೊಂಡು ಹೊರಡುವುದು ಇದಕ್ಕೇ.

## ಅಪಘಾತ ಆದ ಮೇಲೆ

ವಿಮಾನ ಮಗುಚಿದರೆ ಮೊದಲು ಏನು ಮಾಡಬೇಕು?

ಸಮಯ ಇದ್ದರೆ ನಿಲ್ಲುವ ಮುಂಚೆಯೇ ಮಿಕ್ಸ್ಚರ್ (ಎಂಜಿನ್‌ಗೆ ಹೋಗುವ ಇಂಧನದ ಹಿಡಿ), ಇಂಧನದ ಕವಾಟ, ಮ್ಯಾಗ್ನೆಟೊ (ಎಂಜಿನ್‌ಗೆ ಕಿಡಿ ಕೊಡುವ ಸಾಧನ), ಮಾಸ್ಟರ್ ಸ್ವಿಚ್ (ವಿದ್ಯುತ್ತಿನ ಮುಖ್ಯ ಸ್ವಿಚ್) ಆಫ್ ಮಾಡಿ. ತಲೆಕೆಳಗಾಗಿ ನೇತಾಡುತ್ತಿದ್ದರೆ ಬೆಲ್ಟ್ ಬಿಚ್ಚುವ ಆತುರ ಬೇಡ. ಒಂದು ಕೈಯನ್ನು ಚಾವಣಿಗೆ ಊರಿ, ಕಾಲು ಗಟ್ಟಿ ಮಾಡಿಕೊಂಡು ಆಮೇಲೆ ಬಿಚ್ಚಿ. ಇಲ್ಲದಿದ್ದರೆ ಕುತ್ತಿಗೆ ಮೇಲೆ ಬೀಳುತ್ತೀರಿ. 172ರ ಇಂಧನ ರೆಕ್ಕೆಯಲ್ಲಿದೆ, ಮಗುಚಿದಾಗ ಸೋರುತ್ತದೆ. ಹೊರಬಂದು ದೂರ ಹೋಗಿ, ಫೋನ್ ತರಲು ವಾಪಸ್ ಹೋಗಬೇಡಿ.

ಪ್ರೊಪೆಲರ್ ತುದಿ ಸ್ವಲ್ಪ ಬಾಗಿದೆ ಅಷ್ಟೇ. ಅದಕ್ಕೆ ಎಂಜಿನ್ ಯಾಕೆ ಬಿಚ್ಚಬೇಕು?

ಪ್ರೊಪೆಲರ್ ನೆಲಕ್ಕೆ ಬಡಿದಾಗ ಆ ಪೆಟ್ಟು ನೇರ ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ಗೆ ಹೋಗುತ್ತದೆ. ಬಿರುಕು ಹೊರಗೆ ಕಾಣುವುದಿಲ್ಲ. ಲೈಕಮಿಂಗ್ ಕಂಪನಿಯ ಎಂಜಿನ್‌ಗಳಿಗೆ ಇಂಥ ಪೆಟ್ಟಿನ ಮೇಲೆ ಒಳಗಿನ ಗೇರ್ ತಪಾಸಣೆ ಕಡ್ಡಾಯ ಮಾಡುವ ಆದೇಶ 2004ರಿಂದ ಇದೆ. ದುಬಾರಿ, ನಿಜ. ಆದರೆ ಮುಂದಿನ ವಾರ ಅದೇ ಎಂಜಿನ್ ನಂಬಿ ಇನ್ನೊಬ್ಬ ಹುಡುಗ ಏಕಾಂಗಿಯಾಗಿ ಹಾರುತ್ತಾನೆ.

ವಿಚಾರಣೆ ಯಾರು ಮಾಡ್ತಾರೆ? ಶಿಕ್ಷೆ ಆಗುತ್ತಾ?

ಭಾರತದಲ್ಲಿ 2012ರಿಂದ ವಿಮಾನ ಅಪಘಾತ ತನಿಖಾ ಬ್ಯೂರೋ ಇದೆ, ಎಎಐಬಿ ಅಂತ ಕರೆಯುತ್ತಾರೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಇಂಥ ತನಿಖೆಯ ಒಂದೇ ಉದ್ದೇಶ ಮುಂದಿನ ಅಪಘಾತ ತಡೆಯುವುದು. ತಪ್ಪು ಯಾರದು ಅಂತ ಹೊರಿಸುವುದಲ್ಲ. ಲೈಸೆನ್ಸ್ ವಿಷಯ ನೋಡುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅದು ಬೇರೆ ದಾರಿ. ಅಮೆರಿಕದಲ್ಲಿ ತನಿಖೆ ಸಾರಿಗೆ ಸುರಕ್ಷತಾ ಮಂಡಳಿಯಾದ ಎನ್‌ಟಿಎಸ್‌ಬಿಯದು. ಅಲ್ಲಿನ ವ್ಯಾಖ್ಯೆಯಲ್ಲಿ ಚಕ್ರ, ಬ್ರೇಕ್, ರೆಕ್ಕೆಯ ತುದಿ, ಪ್ರೊಪೆಲರ್‌ಗೆ ಮಾತ್ರ ಆದ ಪೆಟ್ಟು ದೊಡ್ಡ ಹಾನಿಯ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲಿದ್ದರೂ ನಡೆದದ್ದನ್ನು ನಡೆದ ಹಾಗೇ ಹೇಳಿ. ನಿಮ್ಮ ಮಾತಿನಿಂದ ಇನ್ನೊಬ್ಬರು ಕಲಿಯುತ್ತಾರೆ.

## ಇನ್ನೂ ಆಳಕ್ಕೆ

ಟೊರೊಂಟೊದಲ್ಲಿ 2025ರಲ್ಲಿ ಮಗುಚಿದ ವಿಮಾನವೂ ಅಡ್ಡಗಾಳಿಯಿಂದಲೇ ಅಲ್ವಾ?

ಅಷ್ಟು ಸರಳವಾಗಿ ಹೇಳಲಾಗದು. 2025ರ ಫೆಬ್ರವರಿ 17ರಂದು ಆ ಸಿಆರ್‌ಜೆ-900 ಪ್ರಯಾಣಿಕ ಜೆಟ್ ಇಳಿಯುವಾಗ ಗಾಳಿ ರನ್‌ವೇಗೆ ಓರೆಯಾಗಿತ್ತು, ಬೀಸು 30 ನಾಟ್ ದಾಟುತ್ತಿತ್ತು. ಆದರೆ ಕೆನಡಾದ ಪ್ರಾಥಮಿಕ ವರದಿ ಎತ್ತಿ ತೋರಿಸಿದ್ದು ಇನ್ನೊಂದನ್ನು. ನೆಲಕ್ಕೆ ತಾಗುವಾಗ ವಿಮಾನ ನಿಮಿಷಕ್ಕೆ ಸುಮಾರು 1,100 ಅಡಿ ವೇಗದಲ್ಲಿ ಕೆಳಗಿಳಿಯುತ್ತಿತ್ತು, ಬಲಕ್ಕೆ ವಾಲಿತ್ತು, ಬಲ ಚಕ್ರದ ಆಧಾರ ಮುರಿಯಿತು. ವಿಮಾನದಲ್ಲಿದ್ದ 80 ಜನರೂ ಬದುಕಿದರು. ಗಾಳಿ ಒಂದು ಕಾರಣ ಆಗಿರಬಹುದು. ಗಾಳಿಯ ಹೆಸರು ಹೇಳಿ ಉಳಿದದ್ದನ್ನು ಮರೆತರೆ ಕಲಿಯುವುದಕ್ಕೆ ಏನೂ ಸಿಗುವುದಿಲ್ಲ.

ಅಡ್ಡಗಾಳಿಯ ತೊಂದರೆಯೇ ಬಾರದ ಹಾಗೆ ವಿಮಾನ ಮಾಡಲು ಆಗಲ್ವಾ?

ಪ್ರಯತ್ನಿಸಿದ್ದಾರೆ, ಚೆನ್ನಾಗಿಯೇ. ಅಮೆರಿಕದ ಫ್ರೆಡ್ ವೈಕ್ ವಿನ್ಯಾಸ ಮಾಡಿದ ಎರ್‌ಕೂಪ್ ಅನ್ನುವ ಪುಟ್ಟ ವಿಮಾನ ರಡ್ಡರ್ ಪೆಡಲ್ ಇಲ್ಲದೆಯೇ ಬಂತು. ಕ್ರ್ಯಾಬ್‌ನಲ್ಲೇ, ಓರೆಯಾಗಿಯೇ ಇಳಿಯುವುದು ಅದರ ಪದ್ಧತಿ. ತೂಕದ ಕೇಂದ್ರ ಮುಖ್ಯ ಚಕ್ರಗಳ ಮುಂದಿರುವುದರಿಂದ ತಾಗಿದ ಕೂಡಲೇ ತಾನೇ ನೇರವಾಗುತ್ತದೆ. ಮೊದಲ ಸಲ ನೋಡುವವರಿಗೆ ಎದೆ ಝಲ್ ಅನ್ನುತ್ತದೆ. ಸೆಸ್ನಾ 195ಕ್ಕೆ ಪಕ್ಕಕ್ಕೆ ತಿರುಗಬಲ್ಲ ಚಕ್ರಗಳನ್ನು ಹಾಕಿಸಿಕೊಳ್ಳಬಹುದಿತ್ತು. ಬಿ-52 ಬಾಂಬರ್‌ನಲ್ಲಿ ಚಕ್ರಗಳನ್ನೇ 20 ಡಿಗ್ರಿವರೆಗೆ ತಿರುಗಿಸಿಟ್ಟು, ಮೂತಿ ಓರೆ ಇದ್ದ ಹಾಗೇ ಇಳಿಯಬಹುದು.

ಸಣ್ಣ ವಿಮಾನಕ್ಕೆ ಇಂಥ ಚಕ್ರ ಅಂದರೆ ತೂಕ, ಬೆಲೆ, ಸವೆಯುವ ಭಾಗಗಳು ಎಲ್ಲವೂ ಜಾಸ್ತಿ. ಎರ್‌ಕೂಪ್‌ಗೂ ಆಮೇಲೆ ಬೇಕಾದವರಿಗೆ ಪೆಡಲ್ ಹಾಕಿಕೊಟ್ಟರು. ಇವತ್ತಿನ ತರಬೇತಿ ವಿಮಾನಗಳಲ್ಲಿ ಸಾಮಾನ್ಯವಾಗಿ ಇರುವುದು ಪೆಡಲ್, ಯೋಕ್ ಅಥವಾ ಸ್ಟಿಕ್, ನೇರ ಚಕ್ರ. ಅಡ್ಡಗಾಳಿಯ ಕೆಲಸವನ್ನು ಕಲಿಯುವವರ ಕೈಕಾಲಿಗೇ ಬಿಟ್ಟಿದ್ದಾರೆ. ಹಾಗಾಗಿ ನಿಮ್ಮ ಶಾಲೆಯಲ್ಲಿ ಬರೀ ಶಾಂತ ಬೆಳಗಿನ ಹೊತ್ತೇ ಹಾರಿಸುತ್ತಿದ್ದರೆ, ಲೈಸೆನ್ಸ್ ಪರೀಕ್ಷೆಗೆ ಮುಂಚೆ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿರುವಾಗ ಗಾಳಿ ಇರುವ ಕೆಲವು ಮಧ್ಯಾಹ್ನಗಳನ್ನು ಕೇಳಿ ಪಡೆಯಿರಿ.